ಲಾರಿಗಳನ್ನು ಹೊತ್ತು ಬಂದ ರೈಲು

ಕೇಳುಗರೆಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಯುವಕ ಯುವತಿಯರು ಈ ಹೊತ್ತಿನಲ್ಲಿ ಬಾನುಲಿ ಕೇಳುತ್ತಿರುತ್ತೀರಿ ಎಂದು ಭಾವಿಸಿ, ನಿಮಗಾಗಿಯೇ ಮಾತನಾಡುತ್ತೇನೆ. ರೈಲುಗಳ ಚಿತ್ರ ತೆಗೆಯಲು ಯಾವ ಕ್ಯಾಮೆರಾ ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ನಿಮ್ಮ ಕೈಯಲ್ಲಿರುವ ಮೊಬೈಲ್ ಸಾಕು. ನಾನು ಹೇಳಲು ಬಂದಿರುವುದು ಒಂದೇ ಮಾತು: ಚಿತ್ರ ತೆಗೆದ ಕೂಡಲೇ ತಾರೀಖು ಬರೆದಿಡಿ.

ಒಂದು ದಿನದ ಸಂಗತಿ ಹೇಳುತ್ತೇನೆ. 2020ರ ಸೆಪ್ಟೆಂಬರ್. ಕೊರೊನಾದಿಂದಾಗಿ ಮಾರ್ಚ್ ತಿಂಗಳಲ್ಲಿ ನಿಂತ ನಮ್ಮ ಪ್ಯಾಸೆಂಜರ್ ಗಾಡಿಗಳು ಇನ್ನೂ ಓಡುತ್ತಿರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯ ಹತ್ತಿರ, ಹಳಿಯಿಂದ ದೂರದಲ್ಲಿ, ಮುಸುಕಿನ ಜೋಳದ ಹೊಲದ ಬದುವಿನ ಮೇಲೆ ನಿಂತಿದ್ದೆ. ಹಿಂದಿನ ರಾತ್ರಿ ಮಳೆಯಾಗಿ ಬಂಡೆಗಳೆಲ್ಲ ತೊಳೆದಿಟ್ಟಂತೆ ಕಾಣುತ್ತಿದ್ದವು. ಗೂಡ್ಸ್ ಗಾಡಿಯಾದರೂ ಬಂದೀತು ಎಂದು ಎರಡು ಗಂಟೆ ಕಾದೆ. ಬರಲಿಲ್ಲ. ಚೀಲವನ್ನು ಹೆಗಲಿಗೇರಿಸಿ ಹೊರಟಿದ್ದೆ. ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ಬೆಂಗಳೂರಿನ ದಿಕ್ಕಿಗೆ ಕೈ ತೋರಿಸಿ, ‘ಸ್ವಾಮಿ, ಅಲ್ಲಿ ನೋಡಿ, ಲಾರಿಗಳು ರೈಲು ಹತ್ತಿಕೊಂಡು ಬರುತ್ತಿವೆ’ ಎಂದರು.

ನಾನು ನಂಬಲಿಲ್ಲ. ತಿರುಗಿ ನೋಡಿದರೆ, ತಿರುವಿನಲ್ಲಿ ಎಂಜಿನ್, ಅದರ ಹಿಂದೆ ಮಟ್ಟಸವಾದ ತೆರೆದ ಗಾಡಿಗಳು, ಒಂದೊಂದರ ಮೇಲೂ ಸರಕು ತುಂಬಿದ ಇಡೀ ಲಾರಿ! ಟಾರ್ಪಾಲಿನ ಹಗ್ಗ ಬಿಗಿದಂತೆಯೇ ಇದೆ, ಹಣೆಯ ಮೇಲೆ ದೇವರ ಹೆಸರಿದೆ, ಬಂಪರಿಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿಯೂ ಇವೆ. ಚಕ್ರಗಳು ಮಾತ್ರ ಉರುಳುತ್ತಿಲ್ಲ, ಸರಪಳಿ ಬಿಗಿದಿದ್ದಾರೆ. ಒಬ್ಬ ಚಾಲಕರು ತಮ್ಮ ಸೀಟಿನಲ್ಲೇ ಕುಳಿತು, ಸ್ಟೀರಿಂಗಿಗೆ ಟವೆಲ್ ಹೊದಿಸಿ, ಬುತ್ತಿ ಬಿಚ್ಚುತ್ತಿದ್ದರು. ಅಜ್ಜ ಕೈ ಬೀಸಿದರು. ಅವರೂ ಬೀಸಿದರು. ಆ ಚಿತ್ರ ನನ್ನ ಬಳಿ ಇದೆ. ಲಾರಿಗಳನ್ನು ಎಣಿಸುತ್ತಾ ಹೋದವನಿಗೆ ಇಪ್ಪತ್ತೆಂಟರ ಹತ್ತಿರ ಲೆಕ್ಕ ತಪ್ಪಿತು. ಗಾಡಿ ವಿದುರಾಶ್ವತ್ಥದ ಕಡೆಗೆ ಹೋಗಿ ಮರೆಯಾಯಿತು.

ಆಮೇಲೆ ನಾನು ಮೊದಲು ಮಾಡಿದ ಕೆಲಸವೇನು ಗೊತ್ತೇ? ಚಿತ್ರ ಚೆನ್ನಾಗಿ ಬಂದಿದೆಯೇ ಎಂದು ನೋಡಲಿಲ್ಲ. ಜೇಬಿನಿಂದ ಪುಸ್ತಕ ತೆಗೆದು ತಾರೀಖು, ಹೊತ್ತು, ಊರು, ಎಂಜಿನಿನ ಸಂಖ್ಯೆ, ಹೋದ ದಿಕ್ಕು ಇಷ್ಟನ್ನೂ ಬರೆದೆ.

ಮನೆಗೆ ಬಂದು ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದೆ. ಸುದ್ದಿ ಅಲ್ಲಿತ್ತು. ಆಗಸ್ಟ್ 30ರಂದು ನೆಲಮಂಗಲದಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಹಸಿರು ನಿಶಾನೆ ತೋರಿಸಿದ ರೋ-ರೋ ರೈಲು, ಅಂದರೆ ಲಾರಿಗಳು ತಾವೇ ಹತ್ತಿ ಇಳಿಯುವ ರೈಲು ಇದು. ಸೊಲ್ಲಾಪುರದ ಹತ್ತಿರದ ಬಾಳೆ ನಿಲ್ದಾಣದವರೆಗೆ 682 ಕಿಲೋಮೀಟರ್ ದಾರಿ. ಧರ್ಮಾವರ, ಗುಂತಕಲ್, ರಾಯಚೂರು, ವಾಡಿ ಮೂಲಕ ಪ್ರಯಾಣ. ಒಂದು ಸಲಕ್ಕೆ 42 ಲಾರಿಗಳನ್ನು ಹೊರಬಲ್ಲದು. ಕೊಂಕಣ ರೈಲ್ವೆಯಲ್ಲಿ 1999ರಿಂದಲೇ ಇಂಥ ಗಾಡಿಗಳಿವೆ. ಆದರೆ ನಮ್ಮ ಜೋಳದ ಹೊಲದ ಪಕ್ಕದಲ್ಲಿ ಅದನ್ನು ಕಂಡದ್ದು ನನ್ನ ಭಾಗ್ಯ.

ಕೆಲವು ತಿಂಗಳುಗಳ ಬಳಿಕ ಒಬ್ಬ ಕಾಲೇಜು ಹುಡುಗ ಇಂಥದ್ದೇ ರೈಲಿನ ಚಿತ್ರ ತೋರಿಸಿದ. ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ‘ಯಾವತ್ತು ತೆಗೆದೆಯಪ್ಪ?’ ಎಂದೆ. ‘ಗೊತ್ತಿಲ್ಲ ಸರ್, ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಮೊಬೈಲಿನಿಂದ ಅಳಿಸಿಬಿಟ್ಟೆ’ ಎಂದ. ನನಗೆ ಸಂಕಟವಾಯಿತು, ಸ್ವಲ್ಪ ಸಿಟ್ಟೂ ಬಂದಿತು. ಮೊಬೈಲ್ ತಾನಾಗಿಯೇ ತಾರೀಖನ್ನು ಚಿತ್ರದೊಳಗೆ ಅಡಗಿಸಿಡುತ್ತದೆ, ನಿಜ. ಆದರೆ ವಾಟ್ಸ್ಆ್ಯಪ್‌ನಲ್ಲಿ ಚಿತ್ರವನ್ನು ಹಾಗೆಯೇ ಕಳಿಸಿದರೆ ಆ ಮಾಹಿತಿ ಕಳಚಿಹೋಗುತ್ತದೆ. ಆದ್ದರಿಂದಲೇ ಕೈಯಲ್ಲಿ ಬರೆಯಿರಿ ಎನ್ನುತ್ತೇನೆ. ತಾರೀಖು ಬರೆಯಿರಿ.

ಇದಕ್ಕೆ ಇಷ್ಟು ಹಟವೇಕೆ? 1915ರಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದದ್ದು ಎರಡೂವರೆ ಅಡಿ ಅಗಲದ ಹಳಿಯ ಪುಟ್ಟ ರೈಲು. ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಜನ ಅದರಲ್ಲೇ ಕೋಲಾರಕ್ಕೆ ಹೋಗಿ ಬಂದರು. ಆ ಹಳಿಯನ್ನು ಕಿತ್ತು, 2013ರಲ್ಲಿ ಅದೇ ಊರುಗಳಿಗೆ ದೊಡ್ಡ ಹಳಿಯ ರೈಲು ಬಂದಿತು. ಪುಟ್ಟ ರೈಲಿನ ಚಿತ್ರಗಳು ನಮ್ಮ ಮನೆಗಳಲ್ಲಿವೆ. ನಾನೇ ಹನ್ನೊಂದನ್ನು ಸಂಗ್ರಹಿಸಿದ್ದೇನೆ. ಹನ್ನೊಂದರಲ್ಲಿ ಒಂಬತ್ತರ ಹಿಂಬದಿ ಖಾಲಿ. ಯಾವ ನಿಲ್ದಾಣ, ಯಾವ ವರ್ಷ, ಬಾಗಿಲಲ್ಲಿ ನಿಂತಿರುವ ಆ ತಾಯಿ ಯಾರು, ಹೇಳುವವರೇ ಇಲ್ಲ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂದಿದೆ. ಬೆಳಕಿನ ವಿಷಯಕ್ಕೆ ಒಂದೇ ಮಾತು: ಬಿಸಿಲು ನಿಮ್ಮ ಬೆನ್ನಿಗಿರಲಿ. ಇನ್ನು, ಹಳಿಯ ಮೇಲೆ ಕಾಲಿಡಲೇಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅದು ಅಪರಾಧ, ಆರು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಸೆಲ್ಫಿಗೆಂದು ಹಳಿಯ ನಡುವೆ ನಿಲ್ಲುವವರನ್ನು ಕಂಡರೆ ನನ್ನ ಎದೆ ನಡುಗುತ್ತದೆ. ಹೊಲದ ಬದು ಸಾಕು. ನನ್ನ ಲಾರಿ ರೈಲು ಸಿಕ್ಕಿದ್ದು ಬದುವಿನ ಮೇಲೆಯೇ.

ಇಂದು ರಾತ್ರಿ ಊಟವಾದ ಮೇಲೆ ಮನೆಯ ಟ್ರಂಕಿನಲ್ಲಿರುವ ಹಳೆಯ ಫೋಟೊಗಳನ್ನು ಹೊರಗೆ ತೆಗೆಯಿರಿ. ಅಜ್ಜಿ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ತೋರಿಸಿ, ಕೇಳಿ. ಅವರು ಹೇಳಿದ ವರ್ಷವನ್ನೂ ಊರನ್ನೂ ಹಿಂಬದಿಯಲ್ಲಿ ಮೆತ್ತಗೆ ಬರೆಯಿರಿ. ಪೆನ್ನು ಬೇಡ, ಶಾಯಿ ಮುಂಬದಿಗೆ ಇಳಿಯುತ್ತದೆ. ಪೆನ್ಸಿಲಿನಲ್ಲಿ ಬರೆಯಿರಿ. ನಮಸ್ಕಾರ.