ಕೊಕ್ಕೊ ಬೀಜಕ್ಕೆ ಆರು ದಿನ ಕೊಡಿ

ಆಕಾಶವಾಣಿಯ ಕೃಷಿಕ ಕೇಳುಗರಿಗೆ ನಮಸ್ಕಾರ.

ಅಡಿಕೆ ಮತ್ತು ತೆಂಗಿನ ತೋಟದ ನೆರಳಿನಲ್ಲಿ ಕೊಕ್ಕೊ ಬೆಳೆಯುತ್ತಿರುವ ಪುತ್ತೂರು, ಸುಳ್ಯ, ಬಂಟ್ವಾಳ, ಬೆಳ್ತಂಗಡಿ ಹಾಗೂ ಕಾಸರಗೋಡು ಕಡೆಯ ಕೃಷಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ನನಗೆ ಕೊಟ್ಟಿರುವುದು ತೋಟದ ಬೆಳೆಗಳ ಉತ್ಪನ್ನಗಳ ಗುಣಮಟ್ಟ ಮತ್ತು ಬಳಕೆ ಎಂಬ ದೊಡ್ಡ ವಿಷಯ. ಕಾಳುಮೆಣಸು, ಗೇರು, ರಬ್ಬರ್ ಎಲ್ಲವೂ ಅದರೊಳಗೆ ಬರುತ್ತವೆ. ಅವನ್ನೆಲ್ಲ ಬದಿಗಿಟ್ಟು, ಚಾಕೊಲೇಟ್ ಮಾಡಲು ಬಳಸುವ ಕೊಕ್ಕೊ ಒಂದನ್ನೇ ಎತ್ತಿಕೊಳ್ಳುತ್ತೇನೆ. ಏಕೆಂದರೆ ಕೊಯ್ಲಿನ ನಂತರ ಕೃಷಿಕರು ಮಾಡುವ ಅಥವಾ ಮಾಡದೆ ಬಿಡುವ ಒಂದೇ ಒಂದು ಕೆಲಸದಿಂದ ಇಷ್ಟೊಂದು ವ್ಯತ್ಯಾಸವಾಗುವ ಬೆಳೆ ನಮ್ಮ ತೋಟಗಳಲ್ಲಿ ಇನ್ನೊಂದಿಲ್ಲ. ಆ ಕೆಲಸವೆಂದರೆ ಬೀಜವನ್ನು ಹುಳಿ ಬರಿಸುವುದು. ಅದಕ್ಕೆ ಆರು ದಿನ ಬೇಕು. ಇಂದು ನಾನು ಹೇಳುವುದರಲ್ಲಿ ಬೇರೆ ಏನನ್ನು ಮರೆತರೂ ಈ ಆರು ದಿನವನ್ನು ಮರೆಯಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಒಂದು ಕೊಕ್ಕೊ ಕಾಯಿಯನ್ನು ಒಡೆದರೆ ಒಳಗೆ 30ರಿಂದ 40 ಬೀಜಗಳು, ಅವುಗಳ ಸುತ್ತ ಬಿಳಿಯ, ಸಿಹಿಹುಳಿಯಾದ ಲೋಳೆ. ಮಕ್ಕಳು ಅದನ್ನು ಚೀಪುತ್ತಾರೆ, ಅಳಿಲು ಮತ್ತು ಇಲಿಗಳು ಅದಕ್ಕಾಗಿಯೇ ಕಾಯಿಗೆ ತೂತು ಕೊರೆಯುತ್ತವೆ. ಆದರೆ ಹಸಿ ಬೀಜವನ್ನೇ ಕಚ್ಚಿ ನೋಡಿದವರಿಗೆ ಗೊತ್ತು, ಅದು ಕಹಿ, ಒಗರು, ಒಳಗೆಲ್ಲ ನೇರಳೆ ಬಣ್ಣ. ಚಾಕೊಲೇಟಿನ ಪರಿಮಳದ ಸುಳಿವೂ ಅದರಲ್ಲಿಲ್ಲ. ಆ ಬೀಜವನ್ನು ಹಾಗೆಯೇ ಒಣಗಿಸಿ, ಹುರಿದು, ಜಗತ್ತಿನ ಅತ್ಯುತ್ತಮ ಯಂತ್ರದಲ್ಲಿ ಅರೆದರೂ ಪರಿಮಳ ಬರುವುದಿಲ್ಲ. ಇದನ್ನು ನಾನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೆಂದು ಲೆಕ್ಕವಿಟ್ಟಿಲ್ಲ. ಆದರೂ ಪ್ರತಿ ವರ್ಷ ಲೋಳೆ ತೊಳೆದು ನೇರವಾಗಿ ಅಂಗಳಕ್ಕೆ ಹರಡಿದ ಬೀಜವನ್ನು ಕಾಣುತ್ತಲೇ ಇದ್ದೇನೆ.

ಇಲ್ಲಿ ಒಂದು ಘಟನೆಯನ್ನು ಹೇಳಲೇಬೇಕು. ಹಲವು ವರ್ಷಗಳ ಹಿಂದೆ ಸುಳ್ಯ ತಾಲ್ಲೂಕಿನ ಒಬ್ಬ ಕೃಷಿಕರು ನನ್ನನ್ನು ಮನೆಗೆ ಕರೆಸಿಕೊಂಡಿದ್ದರು. ಗುಡ್ಡದ ಇಳಿಜಾರಿನಲ್ಲಿ ಚೊಕ್ಕವಾದ ಅಡಿಕೆ ತೋಟ, ಸಾಲುಗಳ ನಡುವೆ ಕೊಕ್ಕೊ ಗಿಡಗಳು, ಕಾಂಡದ ತುಂಬ ಕಾಯಿ. ಅವರ ಒಣ ಬೀಜವನ್ನು ವ್ಯಾಪಾರಿಯೊಬ್ಬರು ದರ್ಜೆ ಇಲ್ಲವೆಂದು ಹಿಂದಕ್ಕೆ ಕಳುಹಿಸಿದ್ದರು. ಅವರಿಗೆ ಬಹಳ ನೋವಾಗಿತ್ತು. ಗೋಣಿಯನ್ನು ಜಗಲಿಯಲ್ಲಿ ಸುರಿದು, "ಇಷ್ಟು ಶುದ್ಧವಾದ ಬೀಜವನ್ನು ನೀವು ಎಲ್ಲಾದರೂ ನೋಡಿದ್ದೀರಾ, ಹೇಳಿ" ಎಂದರು. ನಿಜಕ್ಕೂ ಅಂತಹ ಅಂದವಾದ ಬೀಜವನ್ನು ನಾನು ನೋಡಿರಲಿಲ್ಲ. ಒಂದರಲ್ಲೂ ಕಸವಿಲ್ಲ, ಲೋಳೆಯ ಕಲೆಯಿಲ್ಲ, ಬೂಷ್ಟು ಇಲ್ಲ. ನಾನು ಅಡಿಕೆ ಸೀಳುವ ಕತ್ತಿಯನ್ನು ಕೇಳಿ ಪಡೆದು 50 ಬೀಜಗಳನ್ನು ಉದ್ದಕ್ಕೆ ಸೀಳಿ ಸಾಲಾಗಿ ಇಟ್ಟೆ. ಒಳಗೆ ಬಹುತೇಕ ಎಲ್ಲವೂ ಶಾಲೆಯ ಸ್ಲೇಟಿನ ಬಣ್ಣ, ಸ್ಲೇಟಿನಷ್ಟೇ ಗಟ್ಟಿ. ಹೇಗೆ ಒಣಗಿಸಿದಿರಿ ಎಂದು ವಿಚಾರಿಸಿದಾಗ ಹಲಸಿನ ಬೀಜವನ್ನು ತೊಳೆಯುವ ಹಾಗೆ ತೋಡಿನ ನೀರಿನಲ್ಲಿ ಎರಡು ಸಲ ಉಜ್ಜಿ ತೊಳೆದು ಒಣಗಿಸಿದ್ದಾಗಿ ಹೇಳಿದರು. ಶುಚಿಯಾಗಿರಬೇಕೆಂಬ ಅವರ ಶ್ರದ್ಧೆಯೇ ಬೀಜವನ್ನು ಕೆಡಿಸಿತ್ತು. ಹುಳಿ ಬರಬೇಕಾದರೆ ಬೇಕಾಗಿದ್ದ ಸಕ್ಕರೆ ಎಲ್ಲವೂ ತೋಡಿನಲ್ಲಿ ಹರಿದು ಹೋಗಿತ್ತು.

ಅವರು ನನ್ನ ಮಾತನ್ನು ಒಪ್ಪಲಿಲ್ಲ. ಒಪ್ಪಿಸಲು ನಾನೂ ವಾದ ಮಾಡಲಿಲ್ಲ. ಅಂದೇ ಕೊಯ್ದಿಟ್ಟಿದ್ದ ಕಾಯಿಗಳನ್ನು ಒಡೆಸಿ, ಅವರ ತಾಯಿಯವರಿಂದ ಒಂದು ಬಿದಿರಿನ ಬುಟ್ಟಿ ಕೇಳಿ, ತಳಕ್ಕೆ ಬಾಳೆ ಎಲೆ ಹಾಕಿ, ರಸ ಇಳಿಯಲೆಂದು ಎಲೆಯನ್ನು ಅಲ್ಲಲ್ಲಿ ಸೀಳಿ, ಸುಮಾರು ಆರು ಕೆಜಿ ಹಸಿ ಬೀಜವನ್ನು ಲೋಳೆಯ ಸಮೇತ ತುಂಬಿ, ಮೇಲೆ ಬಾಳೆ ಎಲೆ ಮುಚ್ಚಿ, ಕೊಟ್ಟಿಗೆಯ ಮೂಲೆಯಲ್ಲಿ ಎರಡು ಮರದ ತುಂಡುಗಳ ಮೇಲೆ ಇಟ್ಟು ಬಂದೆ. ಮರುದಿನ ಗೋಣಿತಾಟು ಹೊದಿಸಬೇಕೆಂದು ಹೇಳಿದ್ದೆ. ಮೂರನೆಯ ದಿನ ಹೋದಾಗ ಅವರು ಗೇಟಿನ ಬಳಿಯೇ ನಿಂತಿದ್ದರು. ಬೀಜ ಕೊಳೆತಿದೆ, ನಾತ ಬರುತ್ತಿದೆ, ಗೊಬ್ಬರದ ಗುಂಡಿಗೆ ಹಾಕಿಬಿಡುತ್ತೇನೆ ಎಂದರು. ನಾನು ಅವರ ಕೈಯನ್ನು ಹಿಡಿದು ಬುಟ್ಟಿಯ ನಡುವಿಗೆ ಹಾಕಿಸಿದೆ. ಬಿಸಿ! ಒಲೆಯಿಲ್ಲ, ಬಿಸಿಲಿಲ್ಲ, ಮಳೆಗಾಲದ ತಂಪು ಕೊಟ್ಟಿಗೆಯಲ್ಲಿ ಬುಟ್ಟಿ ತಾನಾಗಿಯೇ ಕಾದಿತ್ತು. ಅವರ ತಾಯಿಯವರು ಬಂದು ಮೂಸಿ, "ಇದು ಕೊಳೆತದ್ದಲ್ಲ, ದೋಸೆ ಹಿಟ್ಟಿನ ಹಾಗೆ ಹುಳಿ ಬಂದದ್ದು" ಎಂದರು. ನನ್ನ ಅರ್ಧ ಗಂಟೆಯ ಉಪನ್ಯಾಸದ ಕೆಲಸವನ್ನು ಆ ಒಂದು ವಾಕ್ಯ ಮಾಡಿತು. ಅಂದು ಬೀಜವನ್ನು ತಿರುವಿ ಹಾಕಿದೆವು, ಐದನೆಯ ದಿನ ಅವರೇ ತಿರುವಿದರು, ಏಳನೆಯ ದಿನ ಒಣಗಿಸಲು ಹರಡಿದರು.

ಬೀಜ ಒಣಗಿದ ಮೇಲೆ ಅದೇ ಮನೆಯ ಅಡುಗೆಮನೆಯಲ್ಲಿ ಎರಡನ್ನೂ ಹುರಿದೆವು. ಮೊದಲು ತೋಡಿನಲ್ಲಿ ತೊಳೆದ ಬೀಜ. ಹಲಸಿನ ಬೀಜ ಸುಟ್ಟ ಹಾಗೆ ಒಂದು ವಾಸನೆ ಬಂತು, ಅಷ್ಟೆ. ಬಾಣಲೆಯನ್ನು ತೊಳೆದು ಬುಟ್ಟಿಯ ಬೀಜವನ್ನು ಹಾಕಿದೆವು. ಕೆಲವು ನಿಮಿಷಗಳಲ್ಲಿ ಜಗಲಿಯಲ್ಲಿ ಓದುತ್ತಿದ್ದ ಮಕ್ಕಳು ಪುಸ್ತಕ ಬಿಟ್ಟು ಒಳಗೆ ಬಂದರು. ಒಂದೇ ತೋಟ, ಅವೇ ಗಿಡಗಳು, ಒಂದೇ ಬಾಣಲೆ. ನಡುವೆ ಇದ್ದದ್ದು ಆರು ದಿನ.

ಆ ಬುಟ್ಟಿಯೊಳಗೆ ನಡೆದದ್ದು ಏನು? ಮೊದಲ ಒಂದೆರಡು ದಿನ ಲೋಳೆಯ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಮದ್ಯಸಾರವಾಗಿ ಮಾರ್ಪಡಿಸುತ್ತವೆ. ಲೋಳೆ ಕರಗಿ ರಸವಾಗಿ ಇಳಿದು ಹೋದಂತೆ ಬೀಜಗಳ ನಡುವೆ ಗಾಳಿ ಸೇರುತ್ತದೆ. ನಾವು ತಿರುವಿ ಹಾಕಿದಾಗ ಇನ್ನಷ್ಟು ಗಾಳಿ ಸಿಗುತ್ತದೆ. ಆಗ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ಆ ಮದ್ಯಸಾರವನ್ನು ವಿನೆಗರಿನ ಹುಳಿಯಾಗಿ, ಅಂದರೆ ಅಸಿಟಿಕ್ ಆಮ್ಲವಾಗಿ ಬದಲಾಯಿಸುತ್ತವೆ. ಹೆಚ್ಚಿನ ಶಾಖ ಹುಟ್ಟುವುದು ಈ ಹಂತದಲ್ಲಿ. ರಾಶಿಯ ಉಷ್ಣತೆ 45ರಿಂದ 50 ಡಿಗ್ರಿಯವರೆಗೆ ಏರುತ್ತದೆ. ಶಾಖ ಮತ್ತು ಆಮ್ಲ ಎರಡೂ ಸೇರಿ ಬೀಜದ ಮೊಳಕೆಯನ್ನು ಸಾಯಿಸುತ್ತವೆ. ಮೊಳಕೆ ಸತ್ತ ಮೇಲೆ ಒಳಗಿನ ಜೀವಕೋಶಗಳ ಗೋಡೆ ಒಡೆದು, ಅದುವರೆಗೆ ಬೇರೆ ಬೇರೆ ಇದ್ದ ಪದಾರ್ಥಗಳು ಒಂದರೊಡನೊಂದು ಬೆರೆಯುತ್ತವೆ. ನೇರಳೆ ಬಣ್ಣ ಕಂದಾಗುತ್ತದೆ, ಒಗರು ಇಳಿಯುತ್ತದೆ, ಪ್ರೋಟೀನು ಒಡೆದು ಅಮೈನೊ ಆಮ್ಲಗಳಾಗುತ್ತವೆ. ಮುಂದೆ ಹುರಿಯುವಾಗ ಈ ಅಮೈನೊ ಆಮ್ಲಗಳು ಸಕ್ಕರೆಯೊಂದಿಗೆ ಕೂಡಿಕೊಂಡು ಚಾಕೊಲೇಟಿನ ಪರಿಮಳವಾಗುತ್ತವೆ. ಬುಟ್ಟಿಯಲ್ಲಿ ಈ ಕಚ್ಚಾವಸ್ತು ತಯಾರಾಗದಿದ್ದರೆ ಹುರಿಯುವವರ ಕೈಯಲ್ಲಿ ಏನೂ ಇರುವುದಿಲ್ಲ.

ಆದ್ದರಿಂದ ಆರು ದಿನ. ಮೂರು ದಿನಕ್ಕೆ ತೆಗೆದರೆ ಬೀಜ ನೇರಳೆಯಾಗಿಯೇ ಉಳಿದು ಕಹಿ ಹೋಗುವುದಿಲ್ಲ. ಮರೆತು ಹತ್ತು ದಿನ ಬಿಟ್ಟರೆ ಕೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ.

ಕೊಯ್ಲಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬಣ್ಣ ತಿರುಗಿದ ಕಾಯಿಯನ್ನು ಮಾತ್ರ ಕೊಯ್ಯಬೇಕು. ಹಸಿರು ಕಾಯಿ ಹಳದಿಗೆ ತಿರುಗುವುದು ಅದರ ಗೆರೆಗಳ ಸಂದಿನಿಂದ ಆರಂಭವಾಗುತ್ತದೆ. ಕಾಯಿಯನ್ನು ತಿರುಚಿ ಎಳೆಯಬಾರದು, ಕತ್ತಿಯಿಂದ ತೊಟ್ಟನ್ನು ಕತ್ತರಿಸಬೇಕು, ಏಕೆಂದರೆ ಮುಂದಿನ ಹೂವು ಕಾಂಡದ ಮೇಲಿನ ಅದೇ ಗಂಟಿನಲ್ಲಿ ಬರುತ್ತದೆ. ಕೊಯ್ದ ಕಾಯಿಯನ್ನು ಎರಡು ಮೂರು ದಿನ ನೆರಳಿನಲ್ಲಿಟ್ಟು ಒಡೆದರೆ ಹುಳಿ ಚೆನ್ನಾಗಿ ಬರುತ್ತದೆ. ಇಲಿ ಕಡಿದ ಕಾಯಿ, ಕಪ್ಪು ಕೊಳೆ ರೋಗ ಬಂದ ಕಾಯಿ ಇವುಗಳ ಬೀಜವನ್ನು ದಯವಿಟ್ಟು ಒಳ್ಳೆಯದರೊಂದಿಗೆ ಬೆರೆಸಬೇಡಿ. ಒಡೆಯುವಾಗ ಕತ್ತಿ ಬೇಡ, ಬೀಜಕ್ಕೆ ಗಾಯವಾಗುತ್ತದೆ. ಮರದ ಕೊಡತಿಯಿಂದ ಹೊಡೆದರೆ ಸಾಕು. ನಡುವಿನ ನಾರನ್ನು ತೆಗೆದುಹಾಕಿ.

ನಮ್ಮಲ್ಲಿ ಸ್ವಲ್ಪವೇ ಬೀಜವಿದೆ, ರಾಶಿ ಹಾಕುವಷ್ಟಿಲ್ಲ ಎಂದು ಹಲವರು ಹೇಳುತ್ತಾರೆ. ಕ್ವಿಂಟಾಲುಗಟ್ಟಲೆ ಬೀಜವಿದ್ದರೆ ರಾಶಿ ಅಥವಾ ಮರದ ಪೆಟ್ಟಿಗೆ ಬೇಕು, ನಿಜ. ಆದರೆ ಕೆಲವೇ ಕೆಜಿ ಇರುವವರಿಗಾಗಿಯೇ ಸಣ್ಣ ಬುಟ್ಟಿಯ ವಿಧಾನವಿದೆ. ಬುಟ್ಟಿ ತುಂಬುವಂತಿರಬೇಕು, ಒತ್ತೊತ್ತಾಗಿ ತುಂಬಿಸಬೇಕು, ಹೊದಿಕೆ ದಪ್ಪವಾಗಿರಬೇಕು, ತಳದಿಂದ ರಸ ಇಳಿಯಲು ದಾರಿಯಿರಬೇಕು. ದೊಡ್ಡ ಬುಟ್ಟಿಯ ತಳದಲ್ಲಿ ಒಂದು ಹಿಡಿ ಬೀಜ ಹಾಕಿದರೆ ಶಾಖ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದಂತೂ ಬೇಡವೇ ಬೇಡ. ಅದರೊಳಗೆ ಗಾಳಿಯಿಲ್ಲ, ರಸಕ್ಕೆ ದಾರಿಯಿಲ್ಲ.

ಹಸಿ ಬೀಜವನ್ನೇ ಮಾರುವವರು ಅನೇಕರಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಆರಂಭವಾದ ಕ್ಯಾಂಪ್ಕೊ ಎಂಬ ಅಡಿಕೆ ಕೃಷಿಕರ ಸಹಕಾರಿ ಸಂಸ್ಥೆಯು, 1980ರ ಸುಮಾರಿಗೆ ಕೊಕ್ಕೊ ಬೆಲೆ ಕುಸಿದು ಕೃಷಿಕರು ಗಿಡ ಕಡಿಯತೊಡಗಿದ್ದ ಕಷ್ಟದ ಕಾಲದಲ್ಲಿ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿದ್ದರಿಂದ ಹಸಿ ಬೀಜಕ್ಕೂ ನಮ್ಮ ಊರಿನಲ್ಲಿ ಮಾರುಕಟ್ಟೆ ಇದೆ. ಆದರೆ ಹಸಿ ಬೀಜ ಕೊಡುವವರು ಒಡೆದ ದಿನವೇ ಕೊಡಬೇಕು. ಮೂರು ದಿನ ಮನೆಯಲ್ಲಿಟ್ಟು ಅರ್ಧ ಹುಳಿ ಬಂದದ್ದನ್ನು ಇಂದಿನದರ ಜೊತೆ ಬೆರೆಸಿ ಕೊಟ್ಟರೆ, ಮುಂದೆ ಅದನ್ನು ಹುಳಿ ಬರಿಸುವವರಿಗೆ ಯಾವ ಬೀಜಕ್ಕೆ ಎಷ್ಟು ದಿನ ಎಂದು ಗೊತ್ತಾಗುವ ಬಗೆಯೇ ಇಲ್ಲ. ಇತರ ಹತ್ತು ಮಂದಿಯ ಒಳ್ಳೆಯ ಬೀಜವೂ ಅದರೊಂದಿಗೆ ಹಾಳಾಗುತ್ತದೆ.

ಒಣಗಿಸುವ ವಿಚಾರಕ್ಕೆ ಹೆಚ್ಚು ಸಮಯ ಉಳಿದಿಲ್ಲ, ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಬಿಸಿಲಿನಲ್ಲಿ ತೆಳುವಾಗಿ ಹರಡಿ, ಆಗಾಗ ಕೈಯಾಡಿಸುತ್ತ, ತೇವಾಂಶ ಶೇ. 6ರಿಂದ 7ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಹಿಡಿಯಲ್ಲಿ ಹಿಸುಕಿದರೆ ಚಟಚಟ ಸದ್ದು ಬರಬೇಕು. ಮೂರು ಕೆಜಿ ಹಸಿ ಬೀಜಕ್ಕೆ ಹೆಚ್ಚುಕಡಿಮೆ ಒಂದು ಕೆಜಿ ಒಣ ಬೀಜ ಸಿಗುತ್ತದೆ. ಮಳೆಯಲ್ಲಿ ಅವಸರಪಟ್ಟು ಹೆಚ್ಚು ಬಿಸಿಯಲ್ಲಿ ಒಣಗಿಸಿದರೆ ಆಮ್ಲವು ಒಳಗೇ ಸಿಕ್ಕಿಬಿದ್ದು ಬೀಜ ಹುಳಿಯಾಗಿಯೇ ಉಳಿಯುತ್ತದೆ. ಹೊಗೆ ಬರುವ ಅಡಿಕೆಯ ಗೂಡಿನಲ್ಲಿ ಒಣಗಿಸಲೇಬಾರದು. ಬೀಜದ ತಿರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು ಇರುವುದರಿಂದ ಹೊಗೆಯ ವಾಸನೆಯನ್ನು ಅದು ಹೀರಿಕೊಂಡರೆ ಮತ್ತೆ ಬಿಡುವುದಿಲ್ಲ. ಅಡಿಕೆಗೆಂದು ಕಟ್ಟಿದ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಮನೆ ಇದಕ್ಕೂ ಆಗುತ್ತದೆ, ಗಾಳಿಯಾಡುವಂತೆ ಬದಿಗಳನ್ನು ತೆರೆದಿಡಿ.

ಬಳಕೆಯ ಬಗ್ಗೆಯೂ ಕೇಳಿದ್ದಾರೆ. ಕಾಯಿಯ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ಸಿಪ್ಪೆಯೇ. ಅದನ್ನು ಗಿಡದ ಬುಡದಲ್ಲೇ ರಾಶಿ ಬಿಟ್ಟರೆ ಕಪ್ಪು ಕೊಳೆ ರೋಗದ ಶಿಲೀಂಧ್ರಕ್ಕೆ ಮನೆ ಮಾಡಿಕೊಟ್ಟಂತೆ. ಒಂದೆಡೆ ಸೇರಿಸಿ ಸೆಗಣಿಯೊಂದಿಗೆ ಚೆನ್ನಾಗಿ ಕಳಿಸಿದರೆ ಪೊಟ್ಯಾಷ್ ಹೇರಳವಾಗಿರುವ ಗೊಬ್ಬರವಾಗಿ ಅಡಿಕೆಯ ಬುಡಕ್ಕೆ ಹಿಂದಿರುಗುತ್ತದೆ. ಬುಟ್ಟಿಯಿಂದ ಮೊದಲ ದಿನ ಇಳಿಯುವ ರಸವನ್ನು ಶುದ್ಧವಾದ ಪಾತ್ರೆಯಲ್ಲಿ ಹಿಡಿದರೆ ಜೆಲ್ಲಿ, ವಿನೆಗರ್ ಮಾಡಬಹುದು. ಇವುಗಳ ಬಗ್ಗೆ ಪ್ರತ್ಯೇಕವಾಗಿ ಮಾತನಾಡುವಷ್ಟು ವಿಷಯವಿದೆ. ಇತ್ತೀಚೆಗೆ ಬೀಜದಿಂದ ಚಾಕೊಲೇಟಿನವರೆಗೆ ಎಲ್ಲವನ್ನೂ ತಾವೇ ಮಾಡುವ ಸಣ್ಣ ತಯಾರಕರು ನಮ್ಮ ರಾಜ್ಯದಲ್ಲೂ ಇದ್ದಾರೆ. ಅವರು ತೋಟಕ್ಕೆ ಬಂದಾಗ ಮೊದಲು ಕೇಳುವ ಪ್ರಶ್ನೆ, ಎಷ್ಟು ದಿನ ಹುಳಿ ಬರಿಸಿದಿರಿ ಎಂಬುದು.

ಕೊನೆಯದಾಗಿ, ಮಾರುವ ಮೊದಲು ನೀವೇ ಪರೀಕ್ಷೆ ಮಾಡಿ ನೋಡಿ. ಗೋಣಿಯ ಬೇರೆ ಬೇರೆ ಕಡೆಯಿಂದ 100 ಬೀಜ ತೆಗೆದು ಉದ್ದಕ್ಕೆ ಸೀಳಿ, ಹಗಲು ಬೆಳಕಿನಲ್ಲಿ ಇಡಿ. ತಿರುಳು ಕಂದು ಬಣ್ಣವಾಗಿ, ಒಳಗೆಲ್ಲ ಬಿರುಕು ಬಿಟ್ಟಿದ್ದರೆ ಹುಳಿ ಸರಿಯಾಗಿ ಬಂದಿದೆ. ನೇರಳೆ ಹೆಚ್ಚಿದ್ದರೆ ಬೇಗ ತೆಗೆದಿದ್ದೀರಿ. ಸ್ಲೇಟಿನ ಬಣ್ಣ ಕಂಡರೆ ಹುಳಿಯೇ ಬಂದಿಲ್ಲ, ಮುಂದಿನ ಸಲ ಬುಟ್ಟಿಯನ್ನು ಇನ್ನಷ್ಟು ಒತ್ತಿ ತುಂಬಿ, ಗೋಣಿತಾಟನ್ನು ಎರಡು ಪದರ ಹೊದಿಸಿ, ತುಂಬಿದ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡಿ.

ನಮಸ್ಕಾರ.