ಬಿಸಿಲಿಗೆ ಸಿಗದ ನೀರು

ಎಲ್ಲರಿಗೂ ನಮಸ್ಕಾರ.

ಬರ ಅಂದ ಕೂಡಲೇ ನಾವು ದೊಡ್ಡ ಅಣೆಕಟ್ಟು ಕೇಳುತ್ತೇವೆ. ನೀರು ಕಣ್ಣಿಗೆ ಕಂಡರೆ ಧೈರ್ಯ, ಅಲ್ವಾ? ಆದರೆ ಬಿಸಿಲು ಜಾಸ್ತಿ ಇರುವ ಒಣ ಸೀಮೆಗಳಲ್ಲಿ ತೆರೆದ ನೀರು ವರ್ಷಕ್ಕೆ ಸುಮಾರು 2 ಮೀಟರ್ ಆಳದಷ್ಟು ಆವಿಯಾಗುತ್ತದೆ. 3 ಮೀಟರ್ ಆಳದ ಕೆರೆಯಲ್ಲಿ ಉಳಿಯುವುದೆಷ್ಟು, ನೀವೇ ಲೆಕ್ಕ ಹಾಕಿ. ಬರದ ನಾಡಿನಲ್ಲಿ ನೀರನ್ನು ಬಿಸಿಲಿಗೆ ಸಿಗದಂತೆ ಬಚ್ಚಿಡಬೇಕು. ಇವತ್ತು ನಾನು ಹೇಳಲು ಬಂದಿರುವುದು ಇದನ್ನೇ.

ಕೀನ್ಯಾದ ಕಿಟುಯಿ, ಮಚಾಕೋಸ್ ಕಡೆಯ ಹೊಳೆಗಳು ಮಳೆ ಬಂದಾಗ ಭೋರ್ಗರೆಯುತ್ತವೆ. ಆಮೇಲೆ ಬರೀ ಮರಳು. ಅಲ್ಲಿ ಜನ ಮರಳು ಅಣೆ ಕಟ್ಟುತ್ತಾರೆ. ಹೊಳೆಯ ತಳದಲ್ಲಿ ಗಟ್ಟಿ ಬಂಡೆ ಸಿಗುವ ಕಡೆ ಅಡ್ಡಕ್ಕೆ ಒಂದು ಗೋಡೆ. ಪ್ರವಾಹ ತಂದ ದಪ್ಪ ಮರಳು ಗೋಡೆಯ ಹಿಂದೆ ಕೂರುತ್ತದೆ, ನಯವಾದ ಹೂಳು ಗೋಡೆ ದಾಟಿ ಹೋಗುತ್ತದೆ. ಬೇರೆ ಅಣೆಗಳು ತುಂಬಿಕೊಂಡರೆ ಕೆಟ್ಟವು, ಇದು ತುಂಬಿಕೊಂಡರೇನೇ ಕೆಲಸಕ್ಕೆ ಬರುವುದು! ಆ ಮರಳಿನ ಸಂದುಗಳಲ್ಲಿ, ಒಟ್ಟು ಗಾತ್ರದ ಶೇಕಡಾ 25ರಿಂದ 40ರಷ್ಟು ನೀರು ನಿಲ್ಲುತ್ತದೆ. ಎರಡಡಿ ಕೆಳಗೆ ಬಿಸಿಲಿನ ಆಟ ಹೆಚ್ಚು ನಡೆಯುವುದಿಲ್ಲ. ಸೊಳ್ಳೆಗೆ ಮೊಟ್ಟೆ ಇಡಲು ಜಾಗವಿಲ್ಲ. ಮರಳೇ ನೀರನ್ನು ಸೋಸುತ್ತದೆ.

ಅವಸರ ಮಾತ್ರ ಮಾಡಬಾರದು. ಗೋಡೆಯನ್ನು ಒಮ್ಮೆಗೇ ಎತ್ತರಿಸಿದರೆ ಹೂಳೂ ಹಿಂದೆಯೇ ಕೂತು ಸಂದುಗಳನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಕೆಲವು ಕಡೆ ಮಳೆಗಾಲಕ್ಕೊಂದಿಷ್ಟು ಅಂತ ಎತ್ತರಿಸುತ್ತಾ ಹೋಗುತ್ತಾರೆ. ಬಂಡೆ ಸಿಗದ ಕಡೆ ಕಟ್ಟಿದರೆ ನೀರು ಅಡಿಯಿಂದಲೇ ಜಾರಿಹೋಗುತ್ತದೆ, ಖರ್ಚು ಸುಮ್ನೆ ದಂಡ.

ಹಳ್ಳಿಗೇನೋ ಸರಿ, ಊರು ದೊಡ್ಡದಾದರೆ? ನಮೀಬಿಯಾದ ರಾಜಧಾನಿ ವಿಂಡ್‌ಹೂಕ್ ನೋಡಿ. ಹತ್ತಿರದಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. 1968ರಿಂದ ಅಲ್ಲಿ ಒಳಚರಂಡಿ ನೀರನ್ನು ಹಲವು ಹಂತ ಶುದ್ಧಮಾಡಿ ಕುಡಿಯುವ ನೀರಿಗೇ ಸೇರಿಸುತ್ತಾರೆ. 2002ರಲ್ಲಿ ಶುರುವಾದ ಹೊಸ ಘಟಕಕ್ಕೆ ದಿನಕ್ಕೆ 2 ಕೋಟಿ 10 ಲಕ್ಷ ಲೀಟರ್ ಶುದ್ಧಮಾಡುವ ಶಕ್ತಿಯಿದೆ. ನನಗೆ ಇನ್ನೂ ಇಷ್ಟವಾದ ಕೆಲಸ ಬೇರೆ. ಮಳೆ ಚೆನ್ನಾಗಿ ಆದ ವರ್ಷ ಅವರು ಅಣೆಕಟ್ಟಿನ ನೀರನ್ನು ಶುದ್ಧಮಾಡಿ ಊರಿನ ಕೆಳಗಿನ ಬಿರುಕು ಬಂಡೆಗಳಿಗೆ ಕೊಳವೆಬಾವಿ ಮೂಲಕ ಇಳಿಸುತ್ತಾರೆ. ಬರ ಬಂದಾಗ ಅದನ್ನೇ ಮೇಲಕ್ಕೆತ್ತುತ್ತಾರೆ.

ಆದರೆ ನೆಲದೊಳಗೆ ಇಂಗಿಸಿದ ನೀರು ಯಾರದ್ದು? ನನ್ನನ್ನು ಕಾಡುವ ಪ್ರಶ್ನೆ ಇದು. ಹತ್ತು ಜನ ಸೇರಿ ಇಂಗಿಸಿದ್ದನ್ನು ಆಳದ ಕೊಳವೆಬಾವಿ ಇರುವ ಒಬ್ಬನೇ ಎಳೆದುಕೊಳ್ಳಬಹುದು. ಎಷ್ಟೋ ಒಳ್ಳೆಯ ಕಾಮಗಾರಿಗಳು ಸೋತದ್ದು ಇಲ್ಲೇ. ಮಹಾರಾಷ್ಟ್ರದ ಹಿವರೆ ಬಜಾರ್ ಹಳ್ಳಿಯವರು ಬದು, ತಡೆಅಣೆ ಕಟ್ಟಿ ಸುಮ್ಮನಾಗಲಿಲ್ಲ. ಬೇಸಾಯಕ್ಕೆ ಕೊಳವೆಬಾವಿ ಕೊರೆಯಬಾರದು ಅಂತ ಊರೇ ತೀರ್ಮಾನ ಮಾಡಿತು. ಪ್ರತಿ ವರ್ಷ ಮಳೆ ಅಳೆಯುತ್ತಾರೆ, ಬಾವಿಗಳ ಮಟ್ಟ ನೋಡುತ್ತಾರೆ. ಜನಕ್ಕೆ, ದನಕರುಗಳಿಗೆ ಬೇಕಾದಷ್ಟು ನೀರನ್ನು ಮೊದಲು ತೆಗೆದಿಡುತ್ತಾರೆ. ಆ ವರ್ಷ ಹೊಲಕ್ಕೆ ಯಾವ ಬೆಳೆ ಹಾಕಬೇಕು ಅನ್ನುವ ಮಾತು ಅದಾದ ಮೇಲೆ.