ಕತ್ತರಿಸಿದ ಸ್ಟ್ರಿಪ್ಪಿನ ತುಂಡು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಇಪ್ಪತ್ತೆಂಟು ವರ್ಷ ಮದ್ದಿನ ಅಂಗಡಿ ನಡೆಸಿದವನು ನಾನು. ನಮ್ಮಲ್ಲಿ ಮದ್ದು ಕೇಳುವುದಕ್ಕೆ ಒಂದು ಕ್ರಮ ಉಂಟು. ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ ತೊಟ್ಟೆ ಹೊರಗೆ ಬರುತ್ತದೆ. ಅದರೊಳಗೆ ಕತ್ತರಿಯಲ್ಲಿ ಕತ್ತರಿಸಿದ ಸ್ಟ್ರಿಪ್ಪಿನ ತುಂಡು. ಹೆಸರಿದ್ದ ಕಡೆ ಮೊದಲೇ ಹೋಗಿರುತ್ತದೆ, ಉಳಿದದ್ದು ತಾರೀಕಿನ ಅರ್ಧ. "ಇದೇ ಕೊಡಿ, ನರದ ಮಾತ್ರೆ."

ನರದ ನೋವಿಗೆ ಕೊಡುವ ಈ ಮಾತ್ರೆಯ ನಿಜವಾದ ಹೆಸರು ಹೆಚ್ಚಾಗಿ ಪ್ರಿಗಾಬಲಿನ್. ಕೆಲವೊಮ್ಮೆ ಅದರ ಅಣ್ಣ ಗಾಬಪೆಂಟಿನ್. ನಮ್ಮ ದೇಶದಲ್ಲಿ ಇದನ್ನು ಮಿಥೈಲ್‌ಕೋಬಾಲಮಿನ್, ಅಂದರೆ ಬಿ12 ವಿಟಮಿನ್ ಜತೆ ಸೇರಿಸಿ ಮಾರುವುದು ಬಹಳ. ಎಡವಟ್ಟು ಶುರುವಾಗುವುದೇ ಅಲ್ಲಿ. ವಿಟಮಿನ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅದು ಟಾನಿಕ್ಕಿನ ಲೆಕ್ಕ. ಒಂದು ಹೆಚ್ಚು ತಿಂದರೂ ಆದೀತು, ಪಕ್ಕದ ಮನೆಯವರಿಗೆ ಎರಡು ಕೊಟ್ಟರೂ ಆದೀತು.

ನಮ್ಮ ಊರಿನ ನಿವೃತ್ತ ಮಾಷ್ಟ್ರೊಬ್ಬರಿಗೆ ಸರ್ಪಸುತ್ತು ಬಂತು. ಹುಣ್ಣು ಮೂರು ವಾರದಲ್ಲಿ ಒಣಗಿತು, ಉರಿ ಹೋಗಲಿಲ್ಲ. ಎಡಪಕ್ಕೆಗೆ ಅಂಗಿಯ ಬಟ್ಟೆ ತಾಗಿದರೂ ಕೆಂಡ ಮುಟ್ಟಿದ ಹಾಗೆ. ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗಿ ತೋರಿಸಿದರು. ರಾತ್ರಿಗೊಂದು 75 ಮಿಲಿಗ್ರಾಮ್, ಒಂದು ತಿಂಗಳು, ಆಮೇಲೆ ಬಂದು ತೋರಿಸಿ ಎಂದು ಬರೆದಿದ್ದರು. ಮಾಷ್ಟ್ರು ತಿಂಗಳುಗಟ್ಟಲೆ ಕಾಣದಿದ್ದ ನಿದ್ದೆ ಕಂಡರು. ಮತ್ತೆ ಹೋಗಿ ತೋರಿಸಲಿಲ್ಲ. ಬೆಳಗ್ಗೆಗೂ ಒಂದು ಸೇರಿತು, ಮಧ್ಯಾಹ್ನಕ್ಕೂ ಸೇರಿತು. ಚೀಟಿ ಕೇಳದೆ ಕೊಟ್ಟವನು ಯಾರು? ನಾನೇ. ಗುರುತಿನವರು, ಹಿರಿಯರು, ಇಲ್ಲ ಅನ್ನುವುದು ಹೇಗೆ ಎಂಬ ದಾಕ್ಷಿಣ್ಯ.

ವರ್ಷ ಕಳೆದ ಮೇಲೆ ಒಂದು ಆಟಿ ತಿಂಗಳಲ್ಲಿ ಮಗಳ ಮನೆಗೆ ಹೋದವರು ಮಾತ್ರೆ ಮರೆತು ಹೋದರು. ಎರಡನೇ ರಾತ್ರಿಯಿಂದ ನಿದ್ದೆ ಇಲ್ಲ. ಆ ಮಳೆಯ ಚಳಿಯಲ್ಲಿ ಮೈ ಬೆವರು, ಕೈ ನಡುಕ, ಹೊಟ್ಟೆ ತೊಳಸು, ಏನೋ ಆಗಿಹೋಗುತ್ತದೆ ಎಂಬ ಹೆದರಿಕೆ. ಮನೆಯವರು ಜ್ವರವೆಂದು ಪ್ಯಾರಾಸಿಟಮಾಲ್ ಕೊಟ್ಟು ಕಾದರು. ಆಮೇಲೆ ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ, ಯಾವ ಮಾತ್ರೆ ನಿಲ್ಲಿಸಿದಿರಿ ಎಂದು.

ನಡೆಯುವುದು ಇಷ್ಟು: ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಹೋಗುವ ಬಾಗಿಲುಗಳಿವೆ. ಈ ಮದ್ದು ಅಲ್ಲಿ ಅಂಟಿಕೊಂಡು ಬಾಗಿಲನ್ನು ಅರ್ಧ ಮುಚ್ಚುತ್ತದೆ. ನೋವಿನ ಸುದ್ದಿ ದಾಟುವುದು ಕಡಿಮೆಯಾಗುತ್ತದೆ. ದಿನಾ ತಿಂದರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ, ಒಮ್ಮೆಲೇ ನಿಂತರೆ ತಡೆದದ್ದೆಲ್ಲ ನುಗ್ಗುತ್ತದೆ. ಮಾಷ್ಟ್ರಿಗೆ ಆದದ್ದು ಹಾಗೆ ಒಗ್ಗಿಹೋದದ್ದು, ಅದು ಚಟ ಅಲ್ಲ. ಆದರೆ ಹೆಚ್ಚು ಪ್ರಮಾಣದಲ್ಲಿ ತಿಂದರೆ ಕೆಲವರಿಗೆ ಅಮಲೂ ಬರುತ್ತದೆ. ಆ ಅಮಲಿಗಾಗಿಯೇ ನುಂಗುವವರೂ ಇದ್ದಾರೆ, ಅದು ಚಟ. ಮೊದಲೇ ಕುಡಿತವೋ ಬೇರೆ ಅಮಲೋ ಇದ್ದವರಿಗೆ ಅಪಾಯ ಹೆಚ್ಚು.

ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕ ಪ್ರಿಗಾಬಲಿನ್ ಮದ್ದನ್ನು ಮರುವರ್ಷವೇ ನಿಯಂತ್ರಿತ ಮದ್ದುಗಳ ಪಟ್ಟಿಗೆ ಸೇರಿಸಿದರು. ಬ್ರಿಟನ್ನಿನಲ್ಲಿ 2019ರ ಏಪ್ರಿಲ್‌ನಿಂದ ಗಾಬಪೆಂಟಿನ್ ಕೂಡ ಸೇರಿ ಎರಡಕ್ಕೂ ಬಿಗಿ ಕಾನೂನು ಬಂತು. ನಮ್ಮಲ್ಲೂ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಸರಿಯಾಗಿಯೇ ಉಂಟು, ಸಡಿಲ ಇರುವುದು ನನ್ನಂಥವರ ಕೌಂಟರಿನಲ್ಲಿ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿಗೂ ಇದನ್ನು ಧಾರಾಳವಾಗಿ ಬರೆಯುತ್ತಾರೆ. ಆಸ್ಟ್ರೇಲಿಯಾದವರು 2017ರಲ್ಲಿ 209 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲ ಪ್ರಕಟಿಸಿದರು. ಆ ನೋವಿಗೆ ಪ್ರಿಗಾಬಲಿನ್ ಮದ್ದಿಲ್ಲದ ಖಾಲಿ ಮಾತ್ರೆಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಿಸಿತು. ಸಕ್ಕರೆ ಕಾಯಿಲೆಯ ಕಾಲುರಿಗೆ, ಸರ್ಪಸುತ್ತಿನ ಉರಿಗೆ ಹಲವರಿಗೆ ಗುಣ ಉಂಟು. ಸೊಂಟ ಹಿಡಿದ ಅಡಿಕೆ ಕೊಯ್ಯುವವನಿಗೂ ಅದನ್ನೇ ಕೊಟ್ಟು, ಅವನು ತಲೆಸುತ್ತಿನಲ್ಲಿ ಮರ ಹತ್ತುವುದನ್ನು ನೆನೆದರೆ ನನಗೆ ಎದೆ ಧಸಕ್ಕೆನ್ನುತ್ತದೆ.

ಕುಡಿದು ಈ ಮಾತ್ರೆ ನುಂಗಬೇಡಿ. ನಿದ್ದೆ ಮಾತ್ರೆಯೋ, ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆಯೋ ತಿನ್ನುತ್ತಿದ್ದರೆ ಡಾಕ್ಟ್ರಿಗೆ ಹೇಳಲೇಬೇಕು. ಎರಡೂ ಕೂಡಿದರೆ ಉಸಿರಾಟ ಕುಂದಬಹುದು. ವಯಸ್ಸಾದವರಿಗೆ, ದಮ್ಮು ಇರುವವರಿಗೆ ಇನ್ನೂ ಎಚ್ಚರ ಬೇಕು. ಮದ್ದು ಹೊರಹೋಗುವುದು ಮೂತ್ರಪಿಂಡದ ದಾರಿಯಲ್ಲಿ, ಹಾಗಾಗಿ ಕಿಡ್ನಿ ಸೋತವರಿಗೆ ಪ್ರಮಾಣ ಇಳಿಸಬೇಕಾಗುತ್ತದೆ. ಇದನ್ನು ಕೇಳಿ ಹೆದರಿ ನಾಳೆಯೇ ಮಾತ್ರೆ ಬಿಸಾಡಬೇಡಿ, ಅದು ಇನ್ನೊಂದು ಅಪಾಯ. ಡಾಕ್ಟ್ರು ಹೇಳಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಬಿಡಲಾಗುತ್ತಿಲ್ಲ ಅನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡು ಬೇಡ.

ನಮ್ಮ ಕಡೆ ಅಡಿಕೆಯ ಕೊಳೆರೋಗಕ್ಕೆ ಬಿಡುವುದೂ ಮದ್ದೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದನ್ನು ತೂಗದೆ ಕಲಸುವ ಕೃಷಿಕ ಇಲ್ಲ. ನಾವು ನುಂಗುವ ಮದ್ದಿಗೂ ಅಷ್ಟೇ ಲೆಕ್ಕ ಬೇಕು.

ಮಾಷ್ಟ್ರು ಮೊನ್ನೆ ಸಿಕ್ಕಿದ್ದರು. ಐದು ತಿಂಗಳಲ್ಲಿ ರಾತ್ರಿಯ ಒಂದಕ್ಕೆ ಇಳಿದಿದ್ದಾರೆ, ಅದೂ 50ರದ್ದು. "ಉರಿ ಪೂರಾ ಹೋಗ್ಲಿಲ್ಲ ಮಾರಾಯ, ಮನೆಯಲ್ಲಿ ಅಂಗಿ ಹಾಕುದಿಲ್ಲ, ಬೈರಾಸು ಸಾಕು" ಎಂದರು. ಕಿಸೆಯಿಂದ ತೊಟ್ಟೆ ತೆಗೆದು ತೋರಿಸಿದರು. ಒಳಗೆ ಕತ್ತರಿಸದ ಇಡೀ ಸ್ಟ್ರಿಪ್, ಅದಕ್ಕೆ ಸುತ್ತಿದ ಚೀಟಿ.